ಮೂರು ನೋಟ್‌ಬುಕ್, ಆರು ದಿನ

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದು ಕುರ್ಚಿಯಲ್ಲಿ ಕುಳಿತ ತಕ್ಷಣ ಆಕೆ ಹೇಳಿದ್ದು ಇಷ್ಟೇ: "ನಾನು ಇಲ್ಲಿಲ್ಲ ಮೇಡಂ. ಮನಸ್ಸೆಲ್ಲ ಅಲ್ಲೇ ಇದೆ."

ವಯಸ್ಸು 24. ಕೆಲಸ ಇದೆ, ಗೆಳತಿಯರಿದ್ದಾರೆ, ಮನೆಯಲ್ಲಿ ಜಗಳವಿಲ್ಲ. (ಗುರುತು ಸಿಗುವ ವಿವರಗಳನ್ನೆಲ್ಲ ಬದಲಾಯಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆಯೂ ಇದೆ.) ಎಂಟು ತಿಂಗಳ ಹಿಂದೆ ಒಬ್ಬಳೇ 19 ದಿನದ ಪ್ರವಾಸ ಹೋಗಿದ್ದಳು. ಕೊನೆಯ ಆರು ದಿನ ಬೇರೆ ದೇಶದ ಹುಡುಗನೊಬ್ಬ ಜೊತೆಯಾದ. ಇಬ್ಬರೂ ಬೆಟ್ಟ ಹತ್ತಿದರು, ಮಳೆಯಲ್ಲಿ ದಾರಿ ತಪ್ಪಿದರು, ಬೆಳಗಾಗುವವರೆಗೆ ಮಾತಾಡಿದರು. ಹೊರಡುವಾಗ ಅವನು "ನಮ್ಮ ದೇಶಕ್ಕೆ ಬಾ, ಅಲ್ಲಿ ನೀನು ತುಂಬ ಬರೀತೀಯ" ಅಂದಿದ್ದ.

ಪ್ರವಾಸದಲ್ಲಿ ಮೂರು ಪುಟ್ಟ ನೋಟ್‌ಬುಕ್ ತುಂಬಿಸಿದವಳು, ವಾಪಸ್ ಬಂದ ಮೇಲೆ ಒಂದು ಸಾಲೂ ಬರೆದಿರಲಿಲ್ಲ. ರಾತ್ರಿ ಒಂದು ಗಂಟೆವರೆಗೆ ವಿಮಾನದ ಟಿಕೆಟ್ ದರ ನೋಡುತ್ತಾ ಕೂರುತ್ತಿದ್ದಳು. ಅವನ ಊರಿನ ಬೀದಿಗಳನ್ನು ಮ್ಯಾಪ್‌ನಲ್ಲಿ ಬೆರಳಿಟ್ಟು ಸುತ್ತುತ್ತಿದ್ದಳು. ಆಫೀಸಿನಲ್ಲಿ ಒಳ್ಳೆಯ ಜವಾಬ್ದಾರಿ ಬಂದಾಗ ಬೇಡ ಅಂದಿದ್ದಳು. "ಹೇಗಿದ್ರೂ ಹೊರಡ್ತೀನಲ್ಲ." ಯಾವಾಗ ಅನ್ನುವುದು ಮಾತ್ರ ಆಕೆಗೂ ಗೊತ್ತಿರಲಿಲ್ಲ.

ಮೊದಲು ನಿದ್ದೆ, ಹಸಿವು ವಿಚಾರಿಸಿದೆ. ಎರಡು ವಾರಕ್ಕಿಂತ ಜಾಸ್ತಿ ದಿನವಿಡೀ ಮಂಕು ಕವಿದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಮನೋವೈದ್ಯರ ಹತ್ತಿರ ಕಳಿಸಬೇಕಿತ್ತು. ಹಾಗೇನೂ ಇರಲಿಲ್ಲ. ನಿದ್ದೆ ಕೆಟ್ಟಿತ್ತು, ಅದೂ ಫೋನ್ ಹಿಡಿದು ಕೂರುವುದರಿಂದ. ಆಕೆಗೆ ಇದ್ದದ್ದು ಹಂಬಲ. ಹಂಬಲ ಕಾಯಿಲೆ ಅಲ್ಲ.

ಎರಡನೇ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಡೊನಾಲ್ಡ್ ಡಟನ್ ಮತ್ತು ಆರ್ಥರ್ ಆರನ್ ಎಂಬ ಮನಶ್ಶಾಸ್ತ್ರಜ್ಞರು ಕೆನಡಾದ ಕ್ಯಾಪಿಲಾನೋ ತೂಗುಸೇತುವೆಯಲ್ಲಿ ಮಾಡಿ 1974ರಲ್ಲಿ ಪ್ರಕಟಿಸಿದ ಪ್ರಯೋಗದ ಕಥೆ ಹೇಳಿದೆ. ಎತ್ತರದಲ್ಲಿ ತೂಗಾಡುವ ಆ ಸೇತುವೆಯ ಮೇಲೆ ಯುವತಿಯೊಬ್ಬಳು ಗಂಡಸರನ್ನು ಮಾತಾಡಿಸಿ ಫೋನ್ ನಂಬರ್ ಕೊಟ್ಟಳು. ತಗ್ಗಿನಲ್ಲಿದ್ದ ಗಟ್ಟಿ ಸೇತುವೆಯಲ್ಲೂ ಹಾಗೇ ಮಾಡಿದಳು. ತೂಗುಸೇತುವೆಯಲ್ಲಿ ನಂಬರ್ ಪಡೆದ 18 ಮಂದಿಯಲ್ಲಿ 9 ಮಂದಿ ಆಮೇಲೆ ಫೋನ್ ಮಾಡಿದರು. ಗಟ್ಟಿ ಸೇತುವೆಯ 16 ಮಂದಿಯಲ್ಲಿ ಮಾಡಿದ್ದು ಇಬ್ಬರೇ. ಭಯಕ್ಕೆ ಬಡಿದುಕೊಂಡ ಎದೆಯನ್ನು ಅವರು ಆಕರ್ಷಣೆ ಅಂದುಕೊಂಡಿರಬಹುದು ಎನ್ನುವುದು ಡಟನ್ ಮತ್ತು ಆರನ್ ಅವರ ವಿವರಣೆ.

ಆಕೆಯ ಮುಖ ಸಪ್ಪಗಾಯಿತು. "ಹಾಗಾದ್ರೆ ನಂದು ಸುಳ್ಳಾ?"

ನಾನು ಕ್ಷಮೆ ಕೇಳಿದೆ. ಎದೆ ಬಡಿದುಕೊಂಡಿದ್ದಕ್ಕೆ ಬೆಟ್ಟವೂ ಕಾರಣ ಇರಬಹುದು, ಹುಡುಗನೂ ಕಾರಣ ಇರಬಹುದು. ಯಾವುದು ಎಷ್ಟು ಅಂತ ತೂಗಿ ಹೇಳುವುದು ನನ್ನ ಕೆಲಸ ಅಲ್ಲ. ಪ್ರೀತಿಯಲ್ಲಿ ಇರುವವರ ಮುಂದೆ ಪ್ರಯೋಗದ ಲೆಕ್ಕ ಇಡುವುದಕ್ಕೆ ಹೊತ್ತು ಗೊತ್ತು ಅಂತ ಇರುತ್ತದೆ. ನಾನು ಆತುರಪಟ್ಟಿದ್ದೆ.

"ಮುಂದಿನ ಸಲ ಆ ನೋಟ್‌ಬುಕ್ ತರ್ತೀರಾ?" ಅಂತಷ್ಟೇ ಕೇಳಿದೆ.

ತಂದಳು. ನಾನು ಓದಲಿಲ್ಲ, ಆಕೆಗೇ ಓದಲು ಹೇಳಿದೆ. "ನಿಮಗೆ ತುಂಬ ಇಷ್ಟವಾದ ಪುಟಗಳಿಗೆ ಒಂದೊಂದು ಕಾಗದದ ಚೂರು ಇಡಿ. ಆಮೇಲೆ ತಾರೀಕು ನೋಡಿ." ಅರ್ಧ ಗಂಟೆ ಹಿಡಿಯಿತು. ಹನ್ನೊಂದು ಚೂರು ಇಟ್ಟಿದ್ದಳು. ಅದರಲ್ಲಿ ಒಂಬತ್ತು ಪುಟ ಮೊದಲ ಹದಿಮೂರು ದಿನದವು. ಅವನು ಸಿಗುವ ಮುಂಚಿನವು.

ತುಂಬ ಹೊತ್ತು ಆಕೆ ಮಾತಾಡಲಿಲ್ಲ. ನಾನೂ ಸುಮ್ನೆ ಇದ್ದೆ. ಎಂಟು ತಿಂಗಳಿಂದ ಆಕೆ ತನ್ನ ಬರವಣಿಗೆಯನ್ನು ಅವನ ಹತ್ತಿರ ಇಟ್ಟು ಬಂದಿದ್ದೇನೆ ಅಂತ ನಂಬಿದ್ದಳು. ಪುಟಗಳು ಬೇರೆಯೇ ಹೇಳುತ್ತಿದ್ದವು. ಆ ಹದಿಮೂರು ದಿನ ಹೇಗಿದ್ದವು ಅಂತ ಕೇಳಿದೆ. ಬೆಳಗ್ಗೆ ಐದಕ್ಕೆ ಎಚ್ಚರ. ಫೋನಿಗೆ ಸಿಗ್ನಲ್ ಇಲ್ಲ. ಯಾರಿಗೂ ಉತ್ತರ ಕೊಡಬೇಕಿಲ್ಲ. ದಿನಾ ಹೊಸ ದಾರಿಯಲ್ಲಿ ನಡಿಗೆ. "ಆಗ ನಾನು ಎಲ್ಲಾನೂ ನೋಡ್ತಿದ್ದೆ ಮೇಡಂ" ಅಂದಳು. ನೋಡ್ತಿದ್ದೆ ಅನ್ನುವ ಮಾತನ್ನು ಒತ್ತಿ ಹೇಳಿದಳು.

ಅಲ್ಲಿಂದ ನಮ್ಮ ಕೆಲಸ ಸಲೀಸಾಯಿತು. ಮೂರು ಬೇರೆ ಬೇರೆ ಆಸೆಗಳು ಒಂದೇ ಗಂಟಾಗಿದ್ದವು: ಬರೆಯಬೇಕು, ಅವನು ಬೇಕು, ಹೊರದೇಶಕ್ಕೆ ಹೋಗಬೇಕು. ಒಂದನ್ನು ಎಳೆದರೆ ಮೂರೂ ಬಿಗಿಯಾಗುತ್ತಿದ್ದವು.

ಬರವಣಿಗೆಗೆ ನಾನು ಕೊಟ್ಟ ಸಲಹೆ ತೀರಾ ಸಾದಾ. ಫೋನ್ ಬೇರೆ ಕೋಣೆಯಲ್ಲಿ. ಬೆಳಗ್ಗೆ 40 ನಿಮಿಷ. ವಾರಕ್ಕೆರಡು ದಿನ ಹಿಂದೆ ನಡೆಯದ ದಾರಿಯಲ್ಲಿ ಒಬ್ಬಳೇ ನಡೆದು, ಕಂಡದ್ದನ್ನು ಬರೆಯುವುದು. ಚೆನ್ನಾಗಿ ಬರಬೇಕು ಅನ್ನುವ ಒತ್ತಾಯ ಬೇಡ.

ಅವನ ವಿಷಯ ಕಷ್ಟದ್ದು. ಮೊದಲು ದಿನಾ ಬರುತ್ತಿದ್ದ ಮೆಸೇಜ್ ಈಗ ವಾರಕ್ಕೊಂದು, ಅದೂ ಈಕೆ ಕಳಿಸಿದರೆ ಮಾತ್ರ. ಡೊರೊಥಿ ಟೆನ್ನೋವ್ ಎಂಬ ಮನಶ್ಶಾಸ್ತ್ರಜ್ಞೆ 1979ರ ತಮ್ಮ ಪುಸ್ತಕದಲ್ಲಿ ಇಂಥ ತೀವ್ರ ಮೋಹವನ್ನು ಲಿಮರೆನ್ಸ್ ಅಂತ ಕರೆದರು. ಸಿಗಬಹುದು ಅನ್ನುವ ಆಸೆ, ಸಿಗದೇ ಹೋಗಬಹುದು ಅನ್ನುವ ಅನುಮಾನ, ಇವೆರಡೂ ಸೇರಿದಾಗ ಅದು ಬೆಳೆಯುತ್ತದೆ ಅಂದರು. ಈ ಸಲ ಇದನ್ನು ಹೇಳಿದಾಗ ಆಕೆ ಬೇಸರಪಡಲಿಲ್ಲ. "ಅದಕ್ಕೇ ನಾನು ಕೇಳೋಕೆ ಹೆದರ್ತಿದೀನಿ ಅಲ್ವಾ?" ಅಂದಳು.

ಕೇಳಿಬಿಡಿ ಅಂದೆ. ಮೆಸೇಜ್‌ನಲ್ಲಿ ಬೇಡ, ದನಿ ಕೇಳಿಸಲಿ. "ಪ್ರೀತಿ ಇದೆಯಾ" ಅನ್ನುವ ಪ್ರಶ್ನೆಯೂ ಬೇಡ, ಅದಕ್ಕೆ ಯಾರು ಬೇಕಾದರೂ ಚೆಂದದ ಉತ್ತರ ಕೊಡಬಹುದು. "ನಾನು ಅಲ್ಲಿಗೆ ಬಂದರೆ ನಿನ್ನ ದಿನದಲ್ಲಿ ನನಗೆ ಎಷ್ಟು ಜಾಗ ಇರುತ್ತೆ?" ಇದನ್ನು ಕೇಳಿ ಅಂದೆ. ಆಕೆ ಧೈರ್ಯ ಮಾಡಲು ಮೂರು ವಾರ ಬೇಕಾಯಿತು. ಅವನು ಒಳ್ಳೆಯ ಹುಡುಗ, ಸುಳ್ಳು ಹೇಳಲಿಲ್ಲ. ಬಂದರೆ ಸಂತೋಷ, ಊರು ತೋರಿಸ್ತೀನಿ, ಅದಕ್ಕಿಂತ ಜಾಸ್ತಿ ಏನೂ ಯೋಚಿಸಿಲ್ಲ ಅಂದ. ಮುಂದಿನ ಎರಡು ಭೇಟಿ ಅಳುವಿಗೇ ಹೋದವು. ಹೋಗಬೇಕಾದದ್ದೇ. ಆರೇ ದಿನದ ಪ್ರೀತಿ ಅಂತ ದುಃಖ ಕಡಿಮೆ ಆಗುವುದಿಲ್ಲ.

ಅಳು ಇಳಿದ ಮೇಲೆ ಕೇಳಿದೆ: "ಅವನು ಆ ದೇಶದಲ್ಲಿ ಇಲ್ಲವೇ ಇಲ್ಲ ಅಂದುಕೊಳ್ಳಿ. ಆಗಲೂ ಹೋಗ್ತೀರಾ?" ಒಂದು ವಾರ ಯೋಚಿಸಿ ಬಂದು ಹೂಂ ಅಂದಳು. ಅದೇ ದೇಶ, ಬೇರೆ ಊರು. ಅನುವಾದ ಕಲಿಸುವ ಎರಡು ವರ್ಷದ ಕೋರ್ಸ್ ಹುಡುಕಿಕೊಂಡಿದ್ದಳು.

ಅಲ್ಲಿನ ಒಂದು ಮಾಮೂಲಿ ಮಂಗಳವಾರವನ್ನು ಬರೆದು ತರಲು ಹೇಳಿದೆ. ಬೆಟ್ಟ ಇಲ್ಲ, ಹುಡುಗ ಇಲ್ಲ. ಬಾಡಿಗೆ ಇದೆ, ಬಟ್ಟೆ ಒಗೆಯುವುದಿದೆ, ಅರ್ಧ ಅರ್ಥವಾಗುವ ಭಾಷೆ ಇದೆ, ಜ್ವರ ಬಂದರೆ ನೀರು ಕೊಡುವವರಿಲ್ಲ. ಮಾನವಶಾಸ್ತ್ರಜ್ಞ ಕಲೆರ್ವೋ ಓಬರ್ಗ್ 1960ರಲ್ಲೇ ಬರೆದಿದ್ದರು: ಹೊಸ ದೇಶದಲ್ಲಿ ಮೊದಲ ಕೆಲವು ವಾರ, ಕೆಲವರಿಗೆ ಆರು ತಿಂಗಳವರೆಗೂ ಎಲ್ಲವೂ ಚೆಂದ. ಆಮೇಲೆ ಸಿಟ್ಟು, ಒಂಟಿತನ, ಮನೆಯ ನೆನಪು. ಅದನ್ನು ದಾಟಿದ ಮೇಲೆ ನಿಧಾನವಾಗಿ ಹೊಂದಿಕೊಳ್ಳುವುದು. ಪ್ರವಾಸದ ಆ ಆರು ದಿನದಲ್ಲಿ ಆಕೆ ಕಂಡಿದ್ದೂ ಇಂಥ ಮೊದಲ ಹಂತದ ಚೆಂದವನ್ನು ಮಾತ್ರ.

ಆಕೆ ಮಂಗಳವಾರವನ್ನು ನಾಲ್ಕು ಪುಟ ಬರೆದು ತಂದಳು. ಒಂಟಿತನವನ್ನು ಮುಚ್ಚಿಟ್ಟಿರಲಿಲ್ಲ. ಆದರೂ ಹೋಗಬೇಕು ಅಂದಳು. ಆ ಮಾತನ್ನು ನಾನು ನಂಬಿದೆ. ಪ್ರವಾಸದ ವೀಸಾದಲ್ಲಿ ಹೋಗಿ ಅಲ್ಲೇ ಏನಾದರೂ ಕೆಲಸ ನೋಡಿಕೊಳ್ಳುವ ಹಳೆಯ ಯೋಚನೆಯನ್ನು ಮಾತ್ರ ಖಡಾಖಂಡಿತವಾಗಿ ಬೇಡ ಅಂದೆ. ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ಅಲ್ಪಾವಧಿ ವೀಸಾದ ಮೇಲೆ ಯಾವುದೇ 180 ದಿನದಲ್ಲಿ ಇರಬಹುದಾದದ್ದು ಹೆಚ್ಚೆಂದರೆ 90 ದಿನ. ನಿಯಮ ಮೀರಿದರೆ ಮತ್ತೆ ಹೋಗುವ ದಾರಿಯೇ ಮುಚ್ಚಬಹುದು. ಹೋಗುವುದಾದರೆ ವಿದ್ಯಾರ್ಥಿಯಾಗಿ, ಕಾಗದಪತ್ರ ಸರಿ ಮಾಡಿಕೊಂಡು.

ಮೊನ್ನೆ ಬಂದಾಗ ಅರ್ಜಿ ಹಾಕಿದ್ದಳು, ಉತ್ತರ ಬಂದಿರಲಿಲ್ಲ. ಭಾಷೆಯ ಪರೀಕ್ಷೆಗೆ ಓದುತ್ತಿದ್ದಾಳೆ. ಕೆಲವು ರಾತ್ರಿ ಇನ್ನೂ ಅವನ ಊರಿನ ಮ್ಯಾಪ್ ತೆಗೆಯುತ್ತೇನೆ ಅಂದಳು. ಚೀಲದಿಂದ ನಾಲ್ಕನೇ ನೋಟ್‌ಬುಕ್ ತೆಗೆದು ತೋರಿಸಿದಳು. ಅರ್ಧ ತುಂಬಿತ್ತು.

"ಆ ಆರು ದಿನದ ಪುಟಗಳನ್ನ ಹರಿದು ಹಾಕ್ಲಾ?" ಅಂತ ಕೇಳಿದಳು.

ಬೇಡ ಅಂದೆ. ಆಕೆ ಆಗಲೇ ತಲೆ ಅಲ್ಲಾಡಿಸುತ್ತಿದ್ದಳು.