ಕಡಿಮಿ ಮಾಡೋದು ಯಾರ ತಾಟಿನಾಗಿಂದ?

ಓದುಗರ ಪತ್ರ: ಮಾನ್ಯ ಸಂಪಾದಕರೇ, ನಾನು ಬಿ.ಎಸ್ಸಿ ಎರಡನೇ ವರ್ಷದಾಗ ಓದಾಕತ್ತೀನಿ, ಹುಬ್ಬಳ್ಳಿ ವಿದ್ಯಾನಗರದಾಗ ಪಿ.ಜಿ.ಯೊಳಗ ಇರ್ತೀನಿ, ಊರು ರಾಣೆಬೆನ್ನೂರ ಕಡೆ. ಭೂಮಿ ಬಿಸಿ ಆಗೋದಕ್ಕ ಮಾಂಸ ದೊಡ್ಡ ಕಾರಣ ಅಂತ ಒಂದು ವಿಡಿಯೋ ನೋಡಿ ಎಂಟು ತಿಂಗಳಿಂದ ಖಂಡ, ತತ್ತಿ ಎರಡೂ ಬಿಟ್ಟೀನಿ. ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕಿಯ ವರದಿನೂ ಅದನ್ನ ಹೇಳತೈತಂತ. ಊರಾಗ ಮನ್ಯಾಗೂ ಬಿಡಸಾಕ ನೋಡಾಕತ್ತೀನಿ. ಅವ್ವ ಲಗೂನ ಒಪ್ಪಿದ್ಲು, ಅಪ್ಪ ಮತ್ತ ತಮ್ಮ ಒಪ್ಪವಲ್ಲರು. ನಿಮ್ಮ ಪತ್ರಿಕ್ಯಾಗ ಖಂಡದ ಸಾರು, ಖೀಮಾ ಮಾಡೋ ವಿಧಾನ ಹಾಕೋದು ನಿಲ್ಲಿಸಿ, ಮಾಂಸ ಕಡಿಮಿ ಮಾಡ್ರಿ ಅಂತ ಅಭಿಯಾನ ನಡಸ್ರಿ. ಶಾಲ್ಯಾಗ ತತ್ತಿ ಕೊಡೋದರ ಬಗ್ಗೆನೂ ಬರೀರಿ. ತಾ.ಕ.: ಹೋದ ತಿಂಗಳು ಕಾಲೇಜಿನ ರಕ್ತದಾನ ಶಿಬಿರದಾಗ ಹಿಮೋಗ್ಲೋಬಿನ್ 9.6 ಐತಿ ಅಂತ ನನ್ನ ವಾಪಸ್ ಕಳಿಸಿದ್ರು, ಇದ್ರಿಂದಾದ್ರೂ ಸಮಾಜಕ್ಕ ಏನರ ಮಾಡೋಣು ಅಂತ ಈ ಪತ್ರ.

ಸಂಪಾದಕರ ಉತ್ತರ:

ತಂಗಿ, ನಿನ್ನ ಪತ್ರ ಮೂರು ಸಲ ಓದಿದೆ. 'ನೀನು' ಅಂದೆ ಅಂತ ಬ್ಯಾಸರ ಮಾಡ್ಕೋಬ್ಯಾಡ, ನನ್ನ ಮಗಳೂ ನಿನ್ನ ವಾರಿಗಿಯಾಕೀನ. ಈಗ ನಾಕು ಪುಟ ಪೆನ್ನು ಹಿಡದು ಬರಿಯೋ ಹುಡುಗೂರು ಸಿಗೋದ ಕಮ್ಮಿ, ಅದ್ರಾಗ ಭೂಮಿ ಬಗ್ಗೆ ಕಾಳಜಿ ಮಾಡಿ ತನಗ ಸೇರೋ ಊಟ ಬಿಡೋದು ಸಣ್ಣ ಮಾತಲ್ಲ, ಅದಕ್ಕ ಮೊದಲ ಶಹಬ್ಬಾಸ್ ಅಂತೀನಿ. ಆದ್ರ ಪತ್ರದಾಗ ಎರಡು ಮಾತು ಅದಾವ, ನೀ ಅವನ್ನ ಸಹಜ ಬರದು ಮುಂದ ಹೋಗೀದಿ, ನಂಗ ದಾಟಿ ಹೋಗಾಕ ಆಗಲಿಲ್ಲ. ಒಂದು, ಅವ್ವ ಲಗೂನ ಒಪ್ಪಿದ್ದು. ಇನ್ನೊಂದು, ಆ 9.6. ಇಷ್ಟುದ್ದ ಉತ್ತರ ಅವೆರಡರ ಸಲುವಾಗೇ.

ನಿನ್ನ ಮಾತಿನಾಗ ಖರೆ ಇದ್ದದ್ದನ್ನ ಮೊದಲ ಒಪ್ಕೋತೀನಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಾಗ ಹಾಕಿದ ಲೆಕ್ಕದಾಗ ಮನುಷ್ಯಾರಿಂದ ಆಗೋ ಹಸಿರುಮನೆ ಅನಿಲದಾಗ ನೂರಕ್ಕ 14.5 ಪಾಲು ದನ, ಕುರಿ, ಹಂದಿ, ಕೋಳಿ ಸಾಕಾಣಿಕಿದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಾಗ ಸಾಸೇಜ್, ಹ್ಯಾಮ್ ಅಂಥಾ ಸಂಸ್ಕರಿಸಿದ ಮಾಂಸನ್ನ ಕ್ಯಾನ್ಸರ್ ತರೋ ಪದಾರ್ಥಗಳ ಮೊದಲನೇ ಗುಂಪಿಗೆ ಸೇರಿಸ್ತು, ದಿನಾ 50 ಗ್ರಾಂ ತಿನ್ನೋರಿಗೆ ದೊಡ್ಡಕರುಳಿನ ಕ್ಯಾನ್ಸರ್ ಸಂಭವ ನೂರಕ್ಕ 18ರಷ್ಟು ಹೆಚ್ಚು ಅಂತ ಹೇಳ್ತು. ಇದ್ರಾಗ ನನ್ನ ತಕರಾರಿಲ್ಲ.

ಆದ್ರ ಲ್ಯಾನ್ಸೆಟ್ ವರದಿ ಅಂದೆಲ್ಲ, 2019ರದು, ಅದನ್ನ ವಿಡಿಯೋದಾಗ ಕೇಳೋ ಬದ್ಲಿ ಓದಬೇಕಿತ್ತು ತಂಗಿ. ಒಬ್ಬರಿಗೆ ದಿನಕ್ಕ ಕೆಂಪು ಮಾಂಸ ಸುಮಾರು 14 ಗ್ರಾಂ ಇದ್ರ ಸಾಕು ಅಂತ ಅದ್ರಾಗ ಐತಿ. ಉತ್ತರ ಅಮೆರಿಕದ ಮಂದಿ ಅದರ ಆರೂವರೆ ಪಟ್ಟು ತಿಂತಾರ, ದಕ್ಷಿಣ ಏಷ್ಯಾದ ಮಂದಿ, ಅಂದ್ರ ನಾವು, ಅದರ ಅರ್ಧಾ ತಿಂತೀವಿ ಅಂತಾನೂ ಆ ವರದಿ ಬರದ ಆಯೋಗನ ಹೇಳೈತಿ. ಅರ್ಧಾ ಅಂದ್ರ ವಾರಕ್ಕ 50 ಗ್ರಾಂ, ಸೌಟಿನಾಗ ಎರಡು ತುಂಡು ಬಂದ್ರ ಮುಗೀತು. ಆರೂವರೆ ಪಟ್ಟು ತಿನ್ನೋರಿಗೆ ಹೇಳಿದ ಮಾತು ಅದ್ಹೆಂಗ ನಿಮ್ಮೂರಿನ ನಿಮ್ಮವ್ವನ ಅಡಗಿಮನಿಗೆ ಬಂದು ಮುಟ್ಟಿತು ಅಂತ ಒಂದೀಟು ಯೋಚನಿ ಮಾಡು.

ನಂದೂ ಹಾವೇರಿ ಜಿಲ್ಲಾದ ಒಂದು ಸಣ್ಣ ಹಳ್ಳಿ. ನಾ ಸಣ್ಣಾಂವಿದ್ದಾಗ ಊರಾಗ ಮಟನ್ ಅಂಗಡಿ ಇರಲಿಲ್ಲ, ಐದಾರು ಮನಿಯವ್ರು ಕೂಡಿ ಒಂದು ಕುರಿ ತಂದು ಪಾಲು ಹಾಕ್ತಿದ್ರು. ಮುತ್ತಲ ಎಲಿ ಹಾಸಿ ಗುಂಪಿ ಗುಂಪಿ ಇಡೋರು, ಎಲ್ಲಾ ಗುಂಪಿಗೂ ಒಂದು ಚೂರು ಕಲೀಜಾ, ಒಂದು ಎಲುಬು ಬರಬೇಕು, ಯಾರಿಗೂ ಹೆಚ್ಚುಕಮ್ಮಿ ಆಗಬಾರದಂತ ಹಿರ್ಯಾರೊಬ್ರು ಕುಕ್ಕರಗಾಲಿಲೆ ಕುಂತು ಈ ಗುಂಪಿದು ಆ ಗುಂಪಿಗೆ ಸರಿಸಿ ಸರಿಸಿ ನೋಡೋರು. ವರ್ಷದಾಗ ಎಷ್ಟು ಸಲ ಅಂತಿ, ದ್ಯಾಮವ್ವನ ಜಾತ್ರಿಗೆ, ಹಬ್ಬದ ಕರಿ ದಿನ, ಮನಿಗೆ ಅಳಿಯ ಬಂದಾಗ, ಮನ್ಯಾಗ ಬಾಣಂತಿ ಇದ್ದಾಗ. ಸೋಮವಾರ ಇಲ್ಲ, ಶ್ರಾವಣ ಪೂರ್ತಿ ಇಲ್ಲ. ನಿನ್ನ ವಿಡಿಯೋದವ್ರು ಈಗ ಕಲಿಸಾಕ ಬಂದದ್ದನ್ನ ಆ ಮಂದಿ ಕ್ಯಾಲೆಂಡರಿನಾಗ ಕಟ್ಟಿ ಇಟ್ಟಿದ್ರು.

ಆದ್ರ ಊರ ಮುಂದ ಅಷ್ಟು ನ್ಯಾಯದಿಂದ ಹಂಚಿದ ಪಾಲು ಒಲಿ ದಾಟಿ ತಾಟಿಗೆ ಬರೋದರಾಗ ನ್ಯಾಯ ಉಳೀತಿರಲಿಲ್ಲ. ಮೊದಲ ಅಜ್ಜ, ಅಪ್ಪ, ಕಾಕಾ ಉಣ್ಣೋರು. ಆಮ್ಯಾಲ ನಾವು ಗಂಡುಹುಡುಗೂರು, ಆಮ್ಯಾಲ ಅಕ್ಕ. ಕಡೀಕ ಅವ್ವ, ಬೋಗಾಣಿ ತಳದಾಗಿನ ಖಾರದ ನೀರಿನಾಗ ಕಟಕರೊಟ್ಟಿ ಮುರದು ಹಾಕ್ಕೊಂಡು ಒಂದು ಎಲುಬು ಚೀಪೋಳು. 'ನಂಗ ಖಂಡ ಸೇರೂದಿಲ್ಲಪಾ' ಅಂತಿದ್ಲು. ಮೂವತ್ತು ವರ್ಷ ನಾ ಅದನ್ನ ನಂಬಿದ್ದೆ. ಅಪ್ಪ ತೀರಿಕೊಂಡ ಮ್ಯಾಲ ಅವ್ವನ್ನ ಧಾರವಾಡಕ್ಕ ಕರ್ಕೊಂಡು ಬಂದ್ವಿ, ಒಂದು ಐತವಾರ ನನ್ನ ಹೆಂಡ್ತಿ ಎಲ್ಲಾರಕಿಂತ ಮೊದಲ ಅವ್ವನ ತಾಟಿಗೆ ನಾಕು ತುಂಡು ಹಾಕಿ ಕೊಟ್ಲು. ಅವ್ವ ಒಮ್ಮೆ ನಮ್ಮೆಲ್ಲಾರ ಮಾರಿ ನೋಡಿದ್ಲು. ಆಮ್ಯಾಲ ತಲಿ ಬಗ್ಗಿಸಿ ನಾಕೂ ತುಂಡು ತಿಂದು, ಎಲುಬನ್ನ ತಾಟಿನ ಅಂಚಿಗೆ ಬಡದು ಬಡದು ಒಳಗಿನ ಮಜ್ಜಿ ಸುದ್ದಾ ತಗದು ತಿಂದ್ಲು. ಅವತ್ತಿಂದ ಆಕಿ ಇರೋತನಕ ಸೇರೂದಿಲ್ಲ ಅನ್ನೋ ಮಾತು ಒಮ್ಮೆನೂ ಕೇಳಲಿಲ್ಲ.

ಅದಕ್ಕ ಕೇಳ್ತೀನಿ, ನಿಮ್ಮವ್ವ ಲಗೂನ ಒಪ್ಪಿದ್ಲು ಅಂತ ಖುಷಿಲೆ ಬರದೀಯಲ್ಲ, ಆಕಿ ತಾಟಿನಾಗ ಬಿಡಾಕ ಏನಿತ್ತು? ಅಪ್ಪ ತಮ್ಮ ತಿನ್ನೋದು ಹಂಗ ನಡದೈತಿ, ಅವ್ವಂದು ಮಗಳಂದು ಬಂದ್ ಆತು. ನಮ್ಮ ಮನಿಗಳೊಳಗ ಏನ ಕಡಿಮಿ ಮಾಡ್ರಿ ಅಂದ್ರೂ, ಹಾಲಿರ್ಲಿ, ತುಪ್ಪಿರ್ಲಿ, ಖಂಡಿರ್ಲಿ, ಕಡಿಮಿ ಆಗೋದು ಮೊದಲ ಹೆಣ್ಮಕ್ಕಳ ತಾಟಿನಾಗ. ಇಪ್ಪತ್ತೆರಡು ವರ್ಷದಿಂದ ಈ ಪತ್ರಿಕಿ ನಡಸಾಕತ್ತೀನಿ, ಎಷ್ಟು ಸಲ ಬರದೀನೋ ಇದನ್ನ, ಇನ್ನೂ ಬರೀತೀನಿ.

ಇನ್ನ ಆ 9.6. ರಕ್ತ ಕೊಡಬೇಕಂದ್ರ 12.5 ಇರಬೇಕು ಅದಕ್ಕ ವಾಪಸ್ ಕಳಿಸ್ಯಾರ, ಸರಿ. ಆದ್ರ ನಿನ್ನ ವಯಸ್ಸಿನ ಹೆಣ್ಮಕ್ಕಳಿಗೆ 12ರ ಕೆಳಗ ಇದ್ರನ ರಕ್ತಹೀನತೆ ಅಂತಾರ ತಂಗಿ. ನೀ ಅದನ್ನ ಸಮಾಜಸೇವೆ ತಪ್ಪಿದ ಸುದ್ದಿ ಹಂಗ ಬರದೀದಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ಕರ್ನಾಟಕದಾಗ 15ರಿಂದ 49 ವರ್ಷದ ಹೆಣ್ಮಕ್ಕಳೊಳಗ ನೂರಕ್ಕ 47.8 ಮಂದಿಗೆ ರಕ್ತ ಕಮ್ಮಿ, ಐದು ವರ್ಷದ ಒಳಗಿನ ಕೂಸುಗಳೊಳಗ ನೂರಕ್ಕ 65ರ ಮ್ಯಾಲ. ನಿನ್ನ ಕ್ಲಾಸಿನಾಗ ಬಾಜು ಬೆಂಚಿನ ಹುಡುಗಿನ್ನೂ ಕೇಳಿ ನೋಡು.

ಖಂಡ ಬಿಟ್ಟಿದ್ದಕ್ಕ ಹಿಂಗಾತು ಅಂತ ನಾ ಹೇಳೂದಿಲ್ಲ, ತಿನ್ನೋ ಮನಿ ಹೆಣ್ಮಕ್ಕಳಿಗೂ ಇದು ಐತಿ, ಮುಟ್ಟಿನಾಗ ಹೋಗೋ ರಕ್ತ, ಜಂತುಹುಳ, ಕಾರಣ ಹತ್ತು ಇರ್ತಾವ, ಅದನ್ನ ಡಾಕ್ಟರ್ ನೋಡಿ ಹೇಳಬೇಕು. ನನ್ನ ಸಂಕಟ ಬ್ಯಾರೆ. ಎಂಟು ತಿಂಗಳಿಂದ ಖಂಡ ತತ್ತಿ ಬಿಟ್ಟು ಅದರ ಬದ್ಲಿ ಏನು ತಿನ್ನಾಕತ್ತೀದಿ ಅಂತ ನಾಕು ಪುಟದಾಗ ಒಂದು ಸಾಲಿಲ್ಲ. ಪಿ.ಜಿ. ಊಟ ಅಂದ್ರ ಅನ್ನ, ನೀರು ಸಾರು, ಮ್ಯಾಲೊಂದು ಕಪ್ ಚಾ, ನಂಗ ಗೊತ್ತಿಲ್ಲೇನು, ಮಗಳು ಅಲ್ಲೇ ಇದ್ದು ಬಂದಾಕಿ. ಕಾಳು ಸೊಪ್ಪಿನಾಗಿನ ಕಬ್ಬಿಣ ಮೈಗೆ ಹತ್ತೋದು ಖಂಡದಾಗಿನಕಿಂತ ಕಮ್ಮಿ, ಊಟದ ಜೋಡಿ ಚಾ ಕುಡಿದ್ರ ಇನ್ನೂ ಕಮ್ಮಿ, ಲಿಂಬಿಹಣ್ಣು ಹಿಂಡಿಕೊಂಡ್ರ ಒಂದೀಟು ಹೆಚ್ಚು. ಬಿ12 ಅನ್ನೋ ಜೀವಸತ್ವ ಕಾಳು, ಪಲ್ಯ, ರೊಟ್ಟಿ ಯಾವುದ್ರಾಗೂ ಇಲ್ಲ, ಖಂಡ, ಮೀನ, ತತ್ತಿ, ಇಲ್ಲಾ ಹಾಲು ಮಸರಿನಾಗ ಬರಬೇಕು, ಅದೂ ಆಗದಿದ್ರ ಗುಳಗಿ. ನಮ್ಮ ಕಡೆ ತಲಿತಲಾಂತರದಿಂದ ಖಂಡ ಮುಟ್ಟದ ಮನಿಗೋಳು ಬೇಕಾದಷ್ಟು ಅದಾವ, ಗಟ್ಟಿಮುಟ್ಟ ಬಾಳ್ಯಾರ, ನಾ ಅವರಿಗೆ ಕೈ ಮುಗಿತೀನಿ. ಆದ್ರ ಅವ್ರ ತಾಟು ನೋಡೀದೇನು? ಬಿಳಿಜೋಳದ ರೊಟ್ಟಿ, ಮಡಕಿಕಾಳು, ಪುಂಡಿಪಲ್ಯ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಗಟ್ಟಿ ಮಸರು, ಬೆಣ್ಣಿ, ಮನ್ಯಾಗ ಹೈನ. ಅದು ತುಂಬಿದ ತಾಟು. ಬರೇ ಒಂದನ್ನ ತಗದು ಆ ಜಾಗಾ ಖಾಲಿ ಬಿಟ್ರ ಅದು ಶಾಕಾಹಾರ ಅಲ್ಲ, ಉಪವಾಸ.

ಶಾಲಿ ತತ್ತಿ ಬಗ್ಗೆ ಕೇಳೀದಿ, ಇದು ನನ್ನ ಮನಸಿಗೆ ಭಾಳ ಹತ್ತಿದ ವಿಷಯ. 2021ರ ಡಿಸೆಂಬರ್‌ನಾಗ ಕಲ್ಯಾಣ ಕರ್ನಾಟಕದ ಜಿಲ್ಲಾಗಳಿಗೆ ಮತ್ತ ವಿಜಯಪುರಕ್ಕ ಬಿಸಿಯೂಟದಾಗ ತತ್ತಿ ಕೊಡಾಕ ಶುರು ಮಾಡಿದ್ರು, ಎಷ್ಟು ಗದ್ದಲ ಆತು ಆವಾಗ. ಯಾರಿಗೂ ಜುಲ್ಮಿ ಇರಲಿಲ್ಲ, ಬ್ಯಾಡ ಅನ್ನೋ ಹುಡುಗೂರಿಗೆ ಬಾಳಿಹಣ್ಣು ಇತ್ತು. ನಮ್ಮ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವ್ರು ತತ್ತಿ ತಿಂದ ಯಾದಗಿರಿ ಹುಡುಗೂರನ್ನ, ತತ್ತಿ ಸಿಗದ ಗದಗ ಜಿಲ್ಲಾದ ಹುಡುಗೂರ ಜೋಡಿ ಹೋಲಿಸಿ ನೋಡಿದ್ರು. ತೂಕ ಹೆಚ್ಚು ಏರಿದ್ದು ಯಾದಗಿರಿಯವ್ರದು, ಅದ್ರಾಗೂ ಹೆಣ್ಮಕ್ಕಳದು ಎದ್ದು ಕಂಡಿತು. ಓದಿದಾಗ ನಂಗ ಕಣ್ಣಾಗ ನೀರು ಬಂತು, ಖುಷಿಗಲ್ಲ, ತಕ್ಕಡಿಯ ಇನ್ನೊಂದು ಕಡೆ ಬರೇ ಕೈಲೆ ಕುಂತಿದ್ದು ನಮ್ಮ ಗದಗಿನ ಕೂಸುಗಳು ಅಂತ. ಆಮ್ಯಾಲ ಇಡೀ ರಾಜ್ಯಕ್ಕ ಬಂತು, 2024ರಾಗ ವಾರಕ್ಕ ಆರು ದಿನ ಕೊಡೂದು ಆತು. ಒಂದು ತತ್ತ್ಯಾಗ ಆರು ಗ್ರಾಂ ಪ್ರೋಟೀನ್ ಐತಿ, ಅದ್ರಾಗ ಬಿ12 ಐತಿ, ಮತ್ತ ಮುಖ್ಯ ಮಾತಂದ್ರ ಅದನ್ನ ಒಡದು ಅಣ್ಣಗ ಅರ್ಧಾ ತಂಗಿಗೆ ಕಾಲು ಅಂತ ಹಂಚಾಕ ಬರೂದಿಲ್ಲ, ಹುಡುಗಿ ಕೈಯಾಗ ಇಡಿ ತತ್ತಿ ಬರತೈತಿ. ಇದರ ವಿರುದ್ಧ ನಾ ಒಂದಕ್ಷರ ಬರಿಯಾಕಿಲ್ಲ.

ಮತ್ತ ಕುರಿ. ವಿಡಿಯೋದಾಗ ತೋರಿಸಿದ್ದು ಸಾವಿರಗಟ್ಲೆ ದನ ಒಂದ ಕಡೆ ಕೂಡಿ ಹಾಕಿ ಗೋವಿನಜೋಳ, ಸೋಯಾ ತಿನಿಸಿ ಕೊಬ್ಬಿಸೋ ಅಮೆರಿಕದ ಫಾರ್ಮ್. ನಿಮ್ಮೂರ ಕಡೆ ಕುರುಬರ ಹಟ್ಟಿ ನೀ ಸಣ್ಣಾಕಿದ್ದಾಗ ನೋಡಿರ್ತಿ. ಸುಗ್ಗಿ ಆದ ಮ್ಯಾಲ ಎರಿ ಹೊಲದಾಗ ಉಳಿದ ಕೂಳಿ, ಸೊಪ್ಪಿ, ಬದುವಿನ ಹುಲ್ಲು ಇಷ್ಟ ಅವುಗಳ ಮೇವು, ಮನುಷ್ಯಾರು ತಿನ್ನೋದು ಒಂದು ಕಾಳು ಇಲ್ಲ. ರಾತ್ರಿ ಹೊಲದಾಗ ಹಟ್ಟಿ ಹಾಕಿಸ್ಕೊಂಡ್ರ ಹಿಕ್ಕಿ, ಗಂಜಲ ಎಲ್ಲಾ ಗೊಬ್ಬರ, ಅದಕ್ಕ ರೈತ್ರು ಕುರಿಯವ್ರಿಗೆ ಜ್ವಾಳ ಕೊಡ್ತಾರ, ರೊಕ್ಕ ಕೊಡ್ತಾರ. ನಿಮ್ಮ ತಾಲೂಕಿನ ಮೇಡ್ಲೇರಿ ಕಂಬಳಿ ಇದ ಕುರಿ ಉಣ್ಣಿದು. ಕುರಿನೂ ಮೆಲುಕು ಹಾಕತೈತಿ, ಮಿಥೇನ್ ಬಿಡತೈತಿ, ಅದನ್ನ ನಾ ಮುಚ್ಚಿಡೂದಿಲ್ಲ. ಆದ್ರ ಮಳಿಗಾಲದಾಗ ಕಂಬಳಿ ಹೊತ್ತು ಊರೂರು ತಿರಗೋ ಆ ಮನಷ್ಯಾನ್ನ ಭೂಮಿ ಕೆಡಿಸೋರ ಸಾಲಿನಾಗ ನಿಲ್ಲಿಸೋದು ನನ್ನ ಕೈಲೆ ಆಗೂದಿಲ್ಲ. ಅವಂಗ ಮೇಸಾಕ ಗಾಯರಾಣನ ಉಳಿದಿಲ್ಲ. ಹುಬ್ಬಳ್ಳಿ ಧಾರವಾಡ ನಡುವ ನೋಡು, ಎಲ್ಲಾ ಲೇಔಟ್ ಕಲ್ಲು. ಮನಿಗೆ ಎರಡು ಕಾರು ಇಟ್ಕೊಂಡು ಮೂರು ರೂಮಿಗೆ ಏಸಿ ಹಾಕಿಸಿದವ್ರು ಕುರಿಯವ್ನಿಗೆ ಭೂಮಿ ಬಗ್ಗೆ ಪಾಠ ಹೇಳತಾರಂದ್ರ ನಂಗ ಹೊಟ್ಟಿ ಉರೀತೈತಿ.

ನೀ ಅಭಿಯಾನ ಮಾಡಲೇಬೇಕಂದ್ರ ಫಾರಂ ಕೋಳಿ ಹಿಡಿ, ನಾನೂ ಕೈ ಜೋಡಸ್ತೀನಿ. ಹಾವೇರಿ ಜಿಲ್ಲಾ ತುಂಬ ಈಗ ಗೋವಿನಜೋಳ, ಅದ್ರಾಗ ದೊಡ್ಡ ಪಾಲು ಹೋಗೋದು ಕೋಳಿ ಆಹಾರಕ್ಕ. ಬಿಳಿಜೋಳ ಬೆಳಿಯೋ ಹೊಲ ಹೋತು, ಅದರ ಜೋಡಿ ದನಕ್ಕ ಕಣಕಿ ಹೋತು, ಸುಮಾರು 40 ದಿನದಾಗ ಎರಡು ಕಿಲೋ ಆಗೋ ಕೋಳಿ ಬಂತು. ಕಬಾಬ್ ಅಂಗಡಿ ಮುಂದ ದಿನಾ ಸಂಜಿಕ ನಿಂತಿರೋ ಹುಡುಗೂರನ್ನ ನೋಡೀನಿ, ನಿಮ್ಮ ತಮ್ಮನೂ ಅವ್ರೊಳಗ ಒಬ್ಬ ಇದ್ದಾನು. ದಿನಾ ತಿನ್ನೋರು ಕಡಿಮಿ ಮಾಡ್ಲಿ, ಅವ್ರಿಗೆ ಹೇಳು, ಜೋರಾಗಿ ಹೇಳು.

ಇನ್ನೊಂದು ಮಾತು ಬರಿಯಬೇಕೋ ಬ್ಯಾಡೋ ಅಂತ ನೋಡಿದೆ, ಬರದಬಿಡ್ತೀನಿ. ನಾ ಹೊಸದಾಗಿ ಧಾರವಾಡಕ್ಕ ಬಂದಾಗ ಒಂದು ಬಾಡಿಗಿ ಮನಿ ಗೊತ್ತು ಮಾಡಿ ಅಡ್ವಾನ್ಸ್ ಕೊಟ್ಟು ಬಂದಿದ್ದೆ, ಮರುದಿನ ಮುಂಜಾನೆ ಮಾಲಕರು ರೊಕ್ಕ ವಾಪಸ್ ತಂದು ಕೈಯಾಗ ಇಟ್ಟು 'ನೀವು ತಿನ್ನೋ ಮಂದಿ ಅಂತ ಗೊತ್ತಿರಲಿಲ್ರಿ' ಅಂದ್ರು. ಆ 'ತಿನ್ನೋ ಮಂದಿ' ಅನ್ನೋ ಮಾತು ಇನ್ನೂ ಕಿವ್ಯಾಗ ಐತಿ. ಆವಾಗ ಮಡಿ ಅಂತಿದ್ರು, ಈಗ ಕೆಲವರು ಅದ ಮಾತಿಗೆ ಭೂಮಿ, ಹವಾಮಾನ ಅಂತ ಹೊಸ ಅಂಗಿ ತೊಡಿಸ್ಯಾರ. ನೀ ಅಂಥಾಕಿ ಅಲ್ಲ ಅಂತ ನಿನ್ನ ಅಕ್ಷರ ನೋಡಿದ್ರ ತಿಳೀತೈತಿ, ಆದ್ರ ನಿನ್ನ ಮಾತನ್ನ ಅವ್ರು ಎತ್ಕೊಂಡು ಹೋಗ್ತಾರ, ಅದಕ್ಕ ಇಷ್ಟು ಬಿಡಿಸಿ ಹೇಳಾಕತ್ತೀನಿ.

ಅಡಗಿ ಪುಟ ನಿಲ್ಲಿಸೂದಿಲ್ಲ ತಂಗಿ. ಮುಂದಿನ ಸಂಚಿಕ್ಯಾಗ ಬೆಟಗೇರಿ ಕಡೆ ಸಾವಜಿ ಖೀಮಾ ಬರತೈತಿ, ಅದರ ಬಾಜೂನ ಮೊಳಕಿ ಮಡಕಿಕಾಳು ಮತ್ತ ಪುಂಡಿಪಲ್ಯ ಹಾಕಸ್ತೀನಿ, ಅದು ನಿನ್ನ ಸಲುವಾಗಿ. ನೀ ತಿನ್ನಲೇಬೇಕಂತ ನಾ ಹೇಳೂದಿಲ್ಲ, ಬಿಟ್ಟದ್ದು ಬಿಟ್ಟಿರು, ನಿನ್ನ ಖುಷಿ. ಆದ್ರ ಈ ವಾರ ಜಿಲ್ಲಾ ಆಸ್ಪತ್ರಿಗೆ ಇಲ್ಲಾ ಯಾವುದರ ಒಳ್ಳೆ ಲ್ಯಾಬಿಗೆ ಹೋಗಿ ಕಬ್ಬಿಣ, ಬಿ12 ಎರಡೂ ಚೆಕ್ ಮಾಡ್ಸಿ ಡಾಕ್ಟರಿಗೆ ತೋರ್ಸು. ಊರಿಗೆ ಹೋದಾಗ ಅವ್ವನ್ನೂ ಕರ್ಕೊಂಡು ಹೋಗಿ ರಕ್ತ ಚೆಕ್ ಮಾಡ್ಸು. ಅವತ್ತು ರಾತ್ರಿ ಊಟಕ್ಕ ಅವ್ವನ್ನ ಮೊದಲ ಕುಂದರ್ಸಿ ನೀ ಬಡ್ಸು, ಆಕಿಗೆ ಏನು ಸೇರತೈತಿ ಅಂತ ಕೇಳು. ಇಬ್ಬರದೂ ಹಿಮೋಗ್ಲೋಬಿನ್ ಎಷ್ಟು ಬಂತು ಅಂತ ಒಂದು ಕಾರ್ಡ್ ಹಾಕು, ಕಾಯ್ತಿರ್ತೀನಿ.