ಆ್ಯಂಟಿಫ್ರೀಜ್ ಹೊಟ್ಟೆಗೆ ಹೋದರೆ ಕಣ್ಣಿಗೇನಾಗುತ್ತದೆ?

ಪ್ರಶ್ನೆ: ವಾಹನದೊಳಗಿನ ದ್ರವ ಹೆಪ್ಪುಗಟ್ಟದಂತೆ ಹಾಕುವ ಆ್ಯಂಟಿಫ್ರೀಜ್ ಕುಡಿದರೆ ದೃಷ್ಟಿ ಹೋಗುತ್ತದೆ ಎಂದು ಕೆಲವರು, ಕಿಡ್ನಿ ಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿ. ಯಾವ ಅಪಾಯ ಹೆಚ್ಚು ಎಂಬುದನ್ನು ಡಬ್ಬದೊಳಗಿನ ರಾಸಾಯನಿಕ ತೀರ್ಮಾನಿಸುತ್ತದೆ. ರೇಡಿಯೇಟರ್ ಕೂಲೆಂಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲ್. ಅದು ದೇಹದೊಳಗೆ ಆಕ್ಸಾಲಿಕ್ ಆಮ್ಲವಾಗಿ, ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟಿ, ಕಿಡ್ನಿಯನ್ನು ಕೆಡಿಸುತ್ತದೆ. ಕಣ್ಣಿಗೆ ನೇರವಾಗಿ ಹೊಡೆಯುವುದು ಮೆಥನಾಲ್. ಗಾಜು ತೊಳೆಯುವ ವಾಷರ್ ದ್ರವದಲ್ಲಿ, ಇಂಧನದ ಪೈಪಿಗೆ ಹಾಕುವ ಆ್ಯಂಟಿಫ್ರೀಜ್‌ನಲ್ಲಿ ಅದು ಇರಬಹುದು.

ಮೆಥನಾಲ್ ತಾನಾಗಿ ಅಷ್ಟು ಕ್ರೂರಿಯಲ್ಲ. ಯಕೃತ್ತು ಅದನ್ನು ಮೊದಲು ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲವಾಗಿ ಬದಲಿಸುತ್ತದೆ. ಈ ಆಮ್ಲ ಜೀವಕೋಶಗಳು ಆಮ್ಲಜನಕ ಬಳಸುವುದನ್ನೇ ತಡೆಯುತ್ತದೆ. ಹೆಚ್ಚು ಶಕ್ತಿ ಬೇಡುವ ರೆಟಿನಾ (ಕಣ್ಣಿನ ಒಳಪದರ) ಮತ್ತು ದೃಷ್ಟಿನರ ಮೊದಲು ಸೋಲುತ್ತವೆ. ಸುಮಾರು 10 ಮಿ.ಲೀ. ಶುದ್ಧ ಮೆಥನಾಲ್‌ನಿಂದಲೂ ದೃಷ್ಟಿ ಹೋಗಬಹುದು.

ಪ್ರಶ್ನೆ: ಕುಡಿದವರು ಕೆಲವು ಗಂಟೆಗಳ ನಂತರವೂ ಆರಾಮವಾಗಿದ್ದಾರೆ. ಕಾದು ನೋಡಬಹುದೇ?

ಉತ್ತರ: ಖಂಡಿತ ಬೇಡ. ಜೀವ ಮತ್ತು ಕಣ್ಣು ಉಳಿಸಲು ಸಿಗುವ ಒಳ್ಳೆಯ ಸಮಯವೇ ಅದು. ಮೆಥನಾಲ್‌ನ ಲಕ್ಷಣಗಳು ಹೆಚ್ಚಾಗಿ 12ರಿಂದ 24 ಗಂಟೆಗಳ ನಂತರ ಬರುತ್ತವೆ. ಜೊತೆಗೆ ಮದ್ಯ ಸೇವಿಸಿದ್ದರೆ ಇನ್ನೂ ತಡ. ಕಣ್ಣು ಮಂಜಾಗುವುದು, ಹಿಮದ ಮಧ್ಯೆ ನಿಂತಂತೆ ಎಲ್ಲವೂ ಬೆಳ್ಳಗೆ ಕಾಣುವುದು, ಬೆಳಕು ಚುಚ್ಚುವುದು, ವಾಂತಿ, ಹೊಟ್ಟೆನೋವು, ವೇಗದ ಉಸಿರಾಟ: ಇವು ಶುರುವಾದಾಗ ರಕ್ತದಲ್ಲಿ ಆಮ್ಲ ಆಗಲೇ ಏರಿರುತ್ತದೆ.

ತುರ್ತು ಚಿಕಿತ್ಸಾ ಘಟಕಕ್ಕೆ ಕೂಡಲೇ ಕರೆದೊಯ್ಯಿರಿ. ಡಬ್ಬ ಅಥವಾ ಅದರ ಲೇಬಲ್ ಜೊತೆಗಿರಲಿ. ಎಷ್ಟು, ಯಾವಾಗ ಕುಡಿದರು ಎಂದು ಬರೆದುಕೊಳ್ಳಿ. ವಾಂತಿ ಮಾಡಿಸಬೇಡಿ, ಉಸಿರಿನ ದಾರಿಗೆ ಹೋದೀತು. ವಿಷ ಹೀರಲೆಂದು ಕೊಡುವ ಇದ್ದಿಲಿನ ಪುಡಿ ಈ ದ್ರವಗಳನ್ನು ಹಿಡಿದಿಡುವುದಿಲ್ಲ. ಮದ್ಯವನ್ನೇ ಮದ್ದೆಂದು ಮನೆಯಲ್ಲಿ ಕುಡಿಸಲೂ ಬೇಡಿ.

ಆಸ್ಪತ್ರೆಯಲ್ಲಿ ಫೋಮೆಪಿಝೋಲ್ ಎಂಬ ಪ್ರತಿವಿಷ ಕೊಡುತ್ತಾರೆ, ಮೊದಲ ಡೋಸ್ ದೇಹತೂಕದ ಪ್ರತಿ ಕಿಲೋಗೆ 15 ಮಿ.ಗ್ರಾಂ. ಅದು ಸಿಗದಿದ್ದರೆ ರಕ್ತಪರೀಕ್ಷೆಯ ನಿಗಾದಲ್ಲಿ ಎಥನಾಲ್ (ಮದ್ಯದಲ್ಲಿರುವ ಆಲ್ಕೋಹಾಲ್). ಎರಡೂ ಯಕೃತ್ತಿನ ಕಿಣ್ವವನ್ನು ತಡೆದು ಹೊಸ ವಿಷ ತಯಾರಾಗದಂತೆ ಮಾಡುತ್ತವೆ. ಆಗಲೇ ತಯಾರಾದ ಆಮ್ಲವನ್ನು ತೆಗೆಯಲಾರವು. ಅದಕ್ಕೆ ರಕ್ತದ ಆಮ್ಲೀಯತೆ ತಗ್ಗಿಸುವ ಬೈಕಾರ್ಬನೇಟ್, ಫಾರ್ಮಿಕ್ ಆಮ್ಲವನ್ನು ಒಡೆಯಲು ನೆರವಾಗುವ ಫೋಲಿನಿಕ್ ಆಮ್ಲ, ಡಯಾಲಿಸಿಸ್ ಬೇಕು. ಕಣ್ಣು ಮಂಜಾಗಿದ್ದರೆ ಡಯಾಲಿಸಿಸ್‌ಗೆ ತಡಮಾಡಬಾರದು.

ಪ್ರಶ್ನೆ: ಹೋದ ದೃಷ್ಟಿ ಮರಳುತ್ತದೆಯೇ?

ಉತ್ತರ: ಕೆಲವರಿಗೆ ಆರಂಭದ ವಾರಗಳಲ್ಲಿ ಸ್ವಲ್ಪಮಟ್ಟಿಗೆ ಸುಧಾರಿಸುತ್ತದೆ, ಆಮೇಲೆ ಮತ್ತೆ ಕುಗ್ಗುವುದೂ ಉಂಟು. ದೃಷ್ಟಿನರ ಒಣಗಿದ ಮೇಲೆ ಕನ್ನಡಕದಿಂದ ಪ್ರಯೋಜನವಿಲ್ಲ. ಆದ್ದರಿಂದ ಆಸ್ಪತ್ರೆಯಿಂದ ಬಂದ ನಂತರವೂ ನೇತ್ರತಜ್ಞರ ತಪಾಸಣೆ ಮುಂದುವರಿಯಲಿ.