ಕತ್ತರಿ ಯಾರ ಕೈಯಲ್ಲಿತ್ತು, ಮಾಷ್ಟ್ರೇ?

ಬದಿಯಡ್ಕದ ಮಾಷ್ಟ್ರಿಗೆ ನಮಸ್ಕಾರ.

ಬ್ಯಾಕ್ಟೀರಿಯಾದ ಎಸ್‌ಒಎಸ್ ಪ್ರತಿಕ್ರಿಯೆಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಡಿಎನ್‌ಎಗೆ ಪೆಟ್ಟು ಬಿದ್ದಾಗ ಜೀನ್‌ಗಳು ಹೇಗೆ ಎದ್ದು ಕೂರುತ್ತವೆ ಎಂದು ಕನ್ನಡದಲ್ಲಿ ಬರೆಯಲು ಹೊರಟದ್ದೇ ಸಂತೋಷ. 1944ರಲ್ಲಿ ವಿಜ್ಞಾನಿ ಎವೆಲಿನ್ ವಿಟ್ಕಿನ್ ಇ. ಕೋಲೈ ಎಂಬ ಬ್ಯಾಕ್ಟೀರಿಯಾಕ್ಕೆ ಅತಿನೇರಳೆ ಕಿರಣ ಜಾಸ್ತಿ ಬಿಟ್ಟು, ತಟ್ಟೆಯಲ್ಲಿ ನಾಲ್ಕೇ ನಾಲ್ಕು ಗುಂಪು ಉಳಿದದ್ದನ್ನು ನೋಡುವ ಭಾಗ ಚೆನ್ನಾಗಿದೆ. ಹೊಗಳಿಕೆ ಇಷ್ಟೇ. ಇನ್ನು ಜಗಳ.

ಎರಡನೇ ಪುಟದ ಈ ವಾಕ್ಯ ನೋಡಿ: “ಅಪಾಯದ ಅರಿವಾದೊಡನೆ ರೆಕ್‌ಎ ಎಂಬ ಕತ್ತರಿಯಿಂದ ಲೆಕ್ಸ್‌ಎ ಎಂಬ ಬೀಗವು ಕತ್ತರಿಸಲ್ಪಟ್ಟು, ದುರಸ್ತಿ ಜೀನ್‌ಗಳು ಚಾಲನೆಗೊಳಿಸಲ್ಪಡುತ್ತವೆ.”

‘ಅಪಾಯದ ಅರಿವು’. ಯಾರಿಗೆ? ಡಿಎನ್‌ಎ ನಕಲು ಮಾಡುವ ಯಂತ್ರ ಪೆಟ್ಟು ಬಿದ್ದ ಜಾಗದಲ್ಲಿ ಮುಗ್ಗರಿಸುತ್ತದೆ. ಎರಡೆಳೆಯಲ್ಲಿ ಒಂದು ಒಂಟಿಯಾಗಿ ಬಯಲಿಗೆ ಬೀಳುತ್ತದೆ. ಜೀವಕೋಶದಲ್ಲಿ ಮೊದಲೇ ಇದ್ದ ರೆಕ್‌ಎ ಪ್ರೋಟೀನು ಬಂದು ಅದರುದ್ದಕ್ಕೂ ಸಾಲುಗಟ್ಟಿ ಕೂರುತ್ತದೆ. ಆ ಸಾಲೇ ಸುದ್ದಿ. ಅರಿವು ಗಿರಿವು ಏನಿಲ್ಲ.

‘ಕತ್ತರಿ’. ಇಲ್ಲಿ ನನಗೆ ತಡೆಯಲಾಗಲಿಲ್ಲ. ರೆಕ್‌ಎ ಏನನ್ನೂ ಕತ್ತರಿಸುವುದಿಲ್ಲ ಮಾಷ್ಟ್ರೇ! ಆ ಸಾಲಿಗೆ ತಾಗಿದ ಲೆಕ್ಸ್‌ಎ ಪ್ರೋಟೀನು ತನ್ನನ್ನು ತಾನೇ ತುಂಡು ಮಾಡಿಕೊಳ್ಳುತ್ತದೆ, 84 ಮತ್ತು 85ನೇ ಅಮೈನೋ ಆಮ್ಲಗಳ ನಡುವೆ. 1984ರಲ್ಲಿ ವಿಜ್ಞಾನಿ ಜಾನ್ ಲಿಟ್ಲ್ ರೆಕ್‌ಎ ಇಲ್ಲದೆಯೇ, ಸುಮ್ನೆ ದ್ರಾವಣದ ಕ್ಷಾರ ಏರಿಸಿ ಇದನ್ನು ತೋರಿಸಿದರು. ಕತ್ತರಿ ಲೆಕ್ಸ್‌ಎ ಹತ್ತಿರವೇ ಇತ್ತು. ರೆಕ್‌ಎ ಅದನ್ನು ಕೆಣಕಿತು, ಅಷ್ಟೇ.

‘ಚಾಲನೆಗೊಳಿಸಲ್ಪಡುತ್ತವೆ’. ಯಾರೂ ಚಾಲನೆ ಕೊಡಲಿಲ್ಲ. ಜೀನಿನ ಬಾಗಿಲು ಮುಚ್ಚಿ ಕೂತಿದ್ದ ಲೆಕ್ಸ್‌ಎ ಎದ್ದು ಹೋಯಿತು. ಅದೂ 40ಕ್ಕೂ ಹೆಚ್ಚು ಬಾಗಿಲು ಒಟ್ಟಿಗೆ ತೆರೆಯುವುದಿಲ್ಲ. ಲೆಕ್ಸ್‌ಎ ಸಡಿಲವಾಗಿ ಕೂತಲ್ಲಿ ಬೇಗ, ಗಟ್ಟಿಯಾಗಿ ಕೂತಲ್ಲಿ ತಡ. ಕೆಟ್ಟ ತುಂಡನ್ನು ಕಿತ್ತು ತೆಗೆಯುವ ಯುವಿಆರ್ ಜೀನ್‌ಗಳು ಮೊದಲು ಏಳುತ್ತವೆ. ತಪ್ಪು ಅಕ್ಷರ ಹಾಕಿಯಾದರೂ ನಕಲು ಮುಂದುವರಿಸುವ ಪಾಲಿಮರೇಸ್ ಐದರ ಸರದಿ ಕೊನೆಗೆ. ಇನ್ನೊಂದು ಸೊಗಸು: ಲೆಕ್ಸ್‌ಎಯ ಸ್ವಂತ ಜೀನಿನ ಬಾಗಿಲಲ್ಲೂ ಲೆಕ್ಸ್‌ಎಯೇ ಕಾವಲು. ಅದು ತುಂಡಾದಾಗ ಆ ಬಾಗಿಲೂ ತೆರೆಯುತ್ತದೆ. ಹಾಗಾಗಿ ಗಲಾಟೆಯ ನಡುವೆಯೂ ಹೊಸ ಲೆಕ್ಸ್‌ಎ ತಯಾರಾಗುತ್ತಲೇ ಇರುತ್ತದೆ. ದುರಸ್ತಿ ಮುಗಿದು ರೆಕ್‌ಎ ಸಾಲು ಚದುರಿದ ಮೇಲೆ ಅದು ತುಂಡಾಗದೆ ಉಳಿದು, ಪುನಃ ಬಾಗಿಲು ಮುಚ್ಚುತ್ತದೆ. ಇದನ್ನು ನೀವು ಬಿಟ್ಟೇ ಬಿಟ್ಟಿದ್ದೀರಿ.

‘ಲ್ಪಡು’ ಕಂಡರೆ ನನಗೆ ಸಿಟ್ಟು ಬರಲು ಕಾರಣ ಉಂಟು. ಇಪ್ಪತ್ತೆರಡರ ಪ್ರಾಯದಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಬರೆದು ಕಾಸರಗೋಡಿನ ಒಬ್ಬ ಹಿರಿಯ ಸಂಪಾದಕರ ಮುಂದಿಟ್ಟಿದ್ದೆ. “ಮೈಲುತುತ್ತು ಮತ್ತು ಸುಣ್ಣ ಬೆರೆಸಲ್ಪಟ್ಟು ಸಿಂಪಡಿಸಲ್ಪಡುತ್ತದೆ” ಅಂತ ಒಂದು ಸಾಲು. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು: “ಯಾವುದನ್ನು ಯಾವುದಕ್ಕೆ ಹೊಯ್ಯುವುದು ಮಾರಾಯ?” ತೋಟದ ನಡುವೆ ಹುಟ್ಟಿದವನ ಬಾಯಲ್ಲಿ ಉತ್ತರ ಇಲ್ಲ!

ಸಂಜೆ ಮನೆಗೆ ಹೋಗಿ ಅಪ್ಪನನ್ನು ಕೇಳಿದೆ. “ಸುಣ್ಣದ ನೀರಿಗೆ ತುತ್ತಿನ ನೀರು. ತಿರುಗಾಮುರುಗ ಮಾಡಿದರೆ ಮದ್ದು ಹಾಳು” ಎಂದರು. ಮರುದಿನ ಡ್ರಮ್ಮಿನ ಹತ್ತಿರ ಕರೆದು, ಮದ್ದಿಗೆ ಕತ್ತಿಯ ಅಲಗು ಅದ್ದಿ ತೆಗೆದು ತೋರಿಸಿದರು. ಅಲಗಿನ ಮೇಲೆ ಕೆಂಪು ಕೂತಿತ್ತು. “ಇನ್ನೂ ಸುಣ್ಣ ಬೇಕು” ಎಂದು ಒಂದು ಚೆಂಬು ಸುಣ್ಣದ ನೀರು ಹೊಯ್ದರು. ಆ ಕತ್ತಿ ಲೇಖನದೊಳಗೆ ಬರುವವರೆಗೆ ಸಂಪಾದಕರು ಅದನ್ನು ಅಚ್ಚಿಗೆ ಕೊಡಲಿಲ್ಲ. ಮೂರು ಸಲ ಬರೆಸಿದರು.

ನೀವು ಎರಡನೇ ಪುಟ ಮಾತ್ರ ಬರೆದರೆ ಸಾಕು. ವಿಟ್ಕಿನ್ ಭಾಗ ಮುಟ್ಟಬೇಡಿ. ಅಂಚೆಗೆ ಹಾಕುವುದೂ ಬೇಡ, ಪೇಟೆಗೆ ಬಂದ ದಿನ ಕೈಯಲ್ಲೇ ತನ್ನಿ.